ಭಾರತದಲ್ಲಿ ರಾಷ್ಟ್ರೀಯ ವೃತ್ತಿಪರ ಫುಟ್‌ಬಾಲ್ ಲೀಗ್ ಬೇರೂರುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ಕೆಲವು ತಿಂಗಳಲ್ಲಿ ಗೆಳೆಯರು, ಸಹೋದ್ಯೋಗಿಗಳು, ಮಕ್ಕಳನ್ನು ಫುಟ್‌ಬಾಲ್ ತರಬೇತಿಗೆ ಸೇರಿಸಿರುವ ತಂದೆತಾಯಂದಿರು ನನ್ನನ್ನು ಕೇಳಿದ ಪ್ರಶ್ನೆಗಳಿವು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಐಎಸ್‌ಎಲ್ ಇದ್ದೇ ಇದೆಯಲ್ಲ, ಹೊಸದಾಗಿ ಲೀಗ್ ಕಟ್ಟುವ ಮಾತು ಏಕೆ?

ಹೆಸರಿಗೆ ಇದೆ. 1996ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್, 2007ರಲ್ಲಿ ಐ-ಲೀಗ್, 2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್). ಮೂವತ್ತು ವರ್ಷದೊಳಗೆ ಮೂರು ಸಲ ಈ ದೇಶದಲ್ಲಿ ರಾಷ್ಟ್ರೀಯ ಲೀಗ್ ಶುರುವಾಗಿದೆ. ಆರಂಭಿಸುವುದು ನಮಗೆ ಎಂದೂ ಕಷ್ಟವಾಗಿಲ್ಲ, ಉಳಿಸಿಕೊಳ್ಳುವುದೇ ಕಷ್ಟವಾಗಿರುವುದು. 2025ರ ಡಿಸೆಂಬರ್ 8ಕ್ಕೆ ಐಎಸ್‌ಎಲ್‌ನ ಬೆನ್ನೆಲುಬಾಗಿದ್ದ ಹದಿನೈದು ವರ್ಷದ ಒಪ್ಪಂದ ಮುಗಿಯಿತು. ಅಂದು ಲೀಗನ್ನು ಯಾರು ನಡೆಸುತ್ತಾರೆ, ಯಾವಾಗ, ಯಾರ ದುಡ್ಡಿನಲ್ಲಿ ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ. ಹಾಗಾಗಿ ಈಗ ನಡೆಯುತ್ತಿರುವುದು ನಾಲ್ಕನೆಯ ಆರಂಭ ಎಂದೇ ನಾನು ಭಾವಿಸಿದ್ದೇನೆ.

ಮೊದಲ ಲೀಗ್ ಹೇಗಿತ್ತು? ಅದೇಕೆ ಸೊರಗಿತು?

1996ಕ್ಕೂ ಮೊದಲು ನಮ್ಮ ಫುಟ್‌ಬಾಲ್ ಟೂರ್ನಿಗಳ ಫುಟ್‌ಬಾಲ್. 1888ರಲ್ಲಿ ಶುರುವಾದ ಡ್ಯುರಾಂಡ್ ಕಪ್, ಮುಂಬೈಯ ರೋವರ್ಸ್ ಕಪ್, 1941ರಿಂದ ರಾಜ್ಯ ತಂಡಗಳ ಸಂತೋಷ್ ಟ್ರೋಫಿ, 1977ರಿಂದ ಫೆಡರೇಷನ್ ಕಪ್. ತಂಡಗಳು ರೈಲು ಹತ್ತಿ ಹೋಗುವುದು, ಸೋತರೆ ಎರಡೇ ದಿನಕ್ಕೆ ಗಂಟುಮೂಟೆ ಕಟ್ಟುವುದು. ಆಟಗಾರನಿಗೆ ಸಂಬಳ ಬರುತ್ತಿದ್ದುದು ಬ್ಯಾಂಕು, ರೈಲ್ವೆ, ಕಾರ್ಖಾನೆಯ ನೌಕರಿಯಿಂದ. ನಮ್ಮ ಬೆಂಗಳೂರಿನ ಐಟಿಐ (ಟೆಲಿಫೋನ್ ಕಾರ್ಖಾನೆ) ಮತ್ತು ಎಚ್‌ಎಎಲ್ (ವಿಮಾನ ಕಾರ್ಖಾನೆ) ತಂಡಗಳು ಆ ಕಾಲದ ಕೂಸುಗಳೇ. ಮೊತ್ತಮೊದಲ ಫೆಡರೇಷನ್ ಕಪ್ಪನ್ನು 1977ರಲ್ಲಿ ಗೆದ್ದದ್ದು ಐಟಿಐ, ಅದೂ ಫೈನಲ್‌ನಲ್ಲಿ ಮೋಹನ್ ಬಾಗಾನನ್ನು ಮಣಿಸಿ.

1996ರ ಡಿಸೆಂಬರ್‌ನಲ್ಲಿ ನ್ಯಾಷನಲ್ ಲೀಗ್ ಬಂದಾಗ ಅದನ್ನು ಮೊದಲು ಗೆದ್ದದ್ದು ಪಂಜಾಬಿನ ಫಗ್ವಾಡದ ಜೆಸಿಟಿ. ಬಟ್ಟೆ ಗಿರಣಿಯೊಂದರ ತಂಡ. ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆಗೆ ಆ ತಂಡದ ನಡುಗಣದಲ್ಲಿ ಆಡುತ್ತಿದ್ದವರು ನಮ್ಮ ಬೆಂಗಳೂರಿನ ಕಾರ್ಲ್ಟನ್ ಚಾಪ್‌ಮನ್. 2020ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗ ನನ್ನ ಕಣ್ಣಿಗೆ ಮೊದಲು ಬಂದದ್ದು ಜೆಸಿಟಿಯ ಆ ತಂಡವೇ. ಲೀಗ್ ಹೇಗೆ ಸೊರಗಿತು ಎಂದು ತಿಳಿಯಲು ಆ ಗಿರಣಿ ತಂಡದ ಕಥೆಯೊಂದೇ ಸಾಕು: ಮೊದಲ ರಾಷ್ಟ್ರೀಯ ಚಾಂಪಿಯನ್ ಆದ ಜೆಸಿಟಿ 2011ರಲ್ಲಿ ಬಾಗಿಲು ಹಾಕಿತು. ಹಿಂದಿನ ವರ್ಷ ಮಹೀಂದ್ರ ಯುನೈಟೆಡ್ ಬಾಗಿಲು ಹಾಕಿತ್ತು. ಟಿವಿಯಲ್ಲಿ ಪಂದ್ಯ ಸರಿಯಾಗಿ ಬರದಿದ್ದರೆ, ಮೈದಾನಕ್ಕೆ ಊರಿನವರು ಬರದಿದ್ದರೆ, ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಫುಟ್‌ಬಾಲ್ ತಂಡ ಬರೀ ಖರ್ಚಿನ ಸಾಲಿನಲ್ಲಿ ಉಳಿಯುತ್ತದೆ. ಕಷ್ಟ ಬಂದಾಗ ಮೊದಲು ಹೊಡೆದುಹಾಕುವುದು ಆ ಸಾಲನ್ನೇ. ಎಚ್‌ಎಎಲ್ 2010-11 ಮತ್ತು 2011-12ರಲ್ಲಿ ಐ-ಲೀಗ್ ಆಡಿ ಕೆಳಗಿಳಿಯಿತು.

ಐಎಸ್‌ಎಲ್ ನಿಜಕ್ಕೂ ಏನಾದರೂ ಬದಲಾಯಿಸಿತೇ?

ಬದಲಾಯಿಸಿತು, ಇದನ್ನು ಒಪ್ಪದಿದ್ದರೆ ಅನ್ಯಾಯವಾಗುತ್ತದೆ. 2010ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಐಎಂಜಿ-ರಿಲಯನ್ಸ್ ಜೊತೆ 15 ವರ್ಷಕ್ಕೆ 700 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಅದರ ಫಲವಾಗಿ 2014ರ ಅಕ್ಟೋಬರ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಶುರುವಾಯಿತು. ಎಂಟು ತಂಡ. ಡೆಲ್ ಪಿಯೆರೊ, ಟ್ರೆಜೆಗೆ, ಪಿರೆಸ್, ಯುಂಗ್‌ಬರ್ಗ್ ಅಂಥವರು ಬಂದರು. ಪ್ರತಿ ಪಂದ್ಯಕ್ಕೆ ಸರಾಸರಿ 24 ಸಾವಿರಕ್ಕೂ ಹೆಚ್ಚು ಜನ ಸೇರಿದರು. ಹುಲ್ಲುಹಾಸು, ಫ್ಲಡ್‌ಲೈಟ್, ಫಿಸಿಯೊ, ಆಟಗಾರರ ಸಂಬಳ, ಪ್ರಸಾರದ ಗುಣಮಟ್ಟ, ಎಲ್ಲವೂ ಒಂದು ಮಟ್ಟ ಮೇಲೆ ಹೋದವು.

ಆದರೆ ಆ ಮೊದಲ ವರ್ಷ ಲೀಗ್ ಹಂತದಲ್ಲಿ ಒಂದು ತಂಡ ಆಡಿದ್ದು 14 ಪಂದ್ಯ. ಅಕ್ಟೋಬರ್‌ನಲ್ಲಿ ಶುರು, ಡಿಸೆಂಬರ್ 20ಕ್ಕೆ ಫೈನಲ್. ನಿವೃತ್ತಿಯ ಅಂಚಿನ ತಾರೆಯರಿಗೆ ಕೋಟಿ ಸುರಿದು, ಹತ್ತು ವಾರದಲ್ಲಿ ಡೇರೆ ಕಿತ್ತರೆ ಅದನ್ನು ಲೀಗ್ ಎನ್ನಲು ನನ್ನ ಮನಸ್ಸು ಒಪ್ಪಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದಕ್ಕೇ. ಮುಂದೆ ತಂಡಗಳು ಹೆಚ್ಚಿದವು, ಋತು ಉದ್ದವಾಯಿತು. 2024-25ಕ್ಕೆ 13 ತಂಡ, ತಂಡಕ್ಕೆ 24 ಲೀಗ್ ಪಂದ್ಯ. ನಿಜವಾದ ಲೀಗಿನ ಚಹರೆ ಬಂದದ್ದೇ ಆಗ. ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾದದ್ದು ಮರುವರ್ಷ.

2025ರಲ್ಲಿ ಆಗಿದ್ದೇನು? ಸಂಕ್ಷಿಪ್ತವಾಗಿ ಹೇಳಿ.

ಒಪ್ಪಂದ ಡಿಸೆಂಬರ್‌ಗೆ ಮುಗಿಯಲಿತ್ತು, ನವೀಕರಣದ ಮಾತುಕತೆ ಹಳಿಗೆ ಬರಲಿಲ್ಲ. ಫೆಡರೇಷನ್ನಿನ ಸಂವಿಧಾನದ ಪ್ರಕರಣ ಸುಪ್ರೀಂ ಕೋರ್ಟ್‌ನಲ್ಲಿತ್ತು. ಜುಲೈಯಲ್ಲಿ, ಆಗ ಲೀಗ್ ನಡೆಸುತ್ತಿದ್ದ ಸಂಸ್ಥೆಯಾದ ಎಫ್‌ಎಸ್‌ಡಿಎಲ್ ಋತುವನ್ನು ತಡೆಹಿಡಿಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಪ್ರಕಟಿಸಿತು. ಸೆಪ್ಟೆಂಬರ್ 19ರಂದು ಕೋರ್ಟ್ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟಿತು. ಅಕ್ಟೋಬರ್‌ನಲ್ಲಿ ಮುಂದಿನ 15 ವರ್ಷದ ವಾಣಿಜ್ಯ ಹಕ್ಕಿಗೆ ಟೆಂಡರ್ ಕರೆದರು, ನವೆಂಬರ್ 7ರ ಗಡುವು ಮುಗಿದಾಗ ಒಂದೇ ಒಂದು ಬಿಡ್ ಬಂದಿರಲಿಲ್ಲ. 2026ರ ಜನವರಿ ಮೊದಲ ವಾರ ಸುನಿಲ್ ಛೆಟ್ರಿ, ಗುರ್‌ಪ್ರೀತ್ ಸಿಂಗ್ ಸಂಧು, ಸಂದೇಶ್ ಝಿಂಗನ್ ಮುಂತಾದವರು ವಿಡಿಯೊ ಮಾಡಿ, ಭಾರತದ ಫುಟ್‌ಬಾಲನ್ನು ಉಳಿಸಿ ಎಂದು ಫಿಫಾಕ್ಕೆ ಮೊರೆಯಿಟ್ಟರು. ರಾಷ್ಟ್ರೀಯ ತಂಡದಲ್ಲಿ ಆಡಿದವರು ಕೆಲಸ ಕೊಡಿ ಎಂದು ಕ್ಯಾಮೆರಾ ಮುಂದೆ ನಿಂತದ್ದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ. ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ ಅವರು ಫೆಬ್ರವರಿ 14ರಿಂದ ಲೀಗ್ ಎಂದು ಘೋಷಿಸಿದರು: 14 ಕ್ಲಬ್, 91 ಪಂದ್ಯ.

91 ಪಂದ್ಯ ಕಡಿಮೆಯೇ?

ಒಂದು ಕ್ಲಬ್ಬಿನ ಪಾಲಿಗೆ ಬರುವುದು 13. ಪ್ರತಿ ಎದುರಾಳಿಯ ಜೊತೆ ಒಂದೇ ಸಲ. ಏಷ್ಯಾದ ಫುಟ್‌ಬಾಲ್ ಒಕ್ಕೂಟ ತನ್ನ ಟೂರ್ನಿಗಳಿಗೆ ಬರುವ ಕ್ಲಬ್ ಋತುವಿಗೆ ಕನಿಷ್ಠ 24 ಪಂದ್ಯ ಆಡಿರಬೇಕು ಎನ್ನುತ್ತದೆ. ಜಪಾನಿನ ಮೊದಲ ದರ್ಜೆಯಲ್ಲಿ 20 ತಂಡ, ತಂಡಕ್ಕೆ 38 ಪಂದ್ಯ. ಇಪ್ಪತ್ತೊಂದು ವರ್ಷದ ಹುಡುಗನೊಬ್ಬ ಅಲ್ಲಿ 38, ಇಲ್ಲಿ 13 ಆಡಿದರೆ ಐದು ವರ್ಷದಲ್ಲಿ ಇಬ್ಬರ ನಡುವಿನ ಅಂತರ ಎಷ್ಟಾಗುತ್ತದೆ ಎಂದು ಬೆರಳು ಮಡಿಸಿ ಲೆಕ್ಕ ಹಾಕಿ. 2025ರ ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರದ ಎದುರು, ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಎದುರು ನಾವು ಸೋತೆವು, 2027ರ ಏಷ್ಯನ್ ಕಪ್ ಕೈತಪ್ಪಿತು. ಆ ಸೋಲಿಗೆ ಕಾರಣ ಹಲವು. ಆದರೆ ಲೀಗ್ ಇಲ್ಲದೆ ಕುಳಿತಿದ್ದ ಆಟಗಾರರು ಅವರು ಎಂಬುದನ್ನು ಮರೆತು ಬೈಯುವುದು ಸರಿಯಲ್ಲ.

ಟೆಂಡರ್‌ಗೆ ಒಬ್ಬರೂ ಏಕೆ ಬರಲಿಲ್ಲ? ದೇಶದಲ್ಲಿ ದುಡ್ಡಿಗೆ ಬರವೇ?

ದುಡ್ಡಿದೆ. ಐಪಿಎಲ್ ಪ್ರಸಾರದ ಹಕ್ಕು 2023ರಿಂದ 2027ರ ಐದು ವರ್ಷಕ್ಕೆ 48,390 ಕೋಟಿ ರೂಪಾಯಿಗೆ ಹೋಯಿತು. ಫುಟ್‌ಬಾಲ್ ಟೆಂಡರಿನಲ್ಲಿ ಫೆಡರೇಷನ್ ಕೇಳಿದ್ದು ವರ್ಷಕ್ಕೆ ಕನಿಷ್ಠ 37.5 ಕೋಟಿ ಅಥವಾ ಒಟ್ಟು ಆದಾಯದ ಶೇ 5, ಯಾವುದು ಹೆಚ್ಚೋ ಅದು. ಮೊತ್ತ ನೋಡಿದರೆ ಬೆಚ್ಚಿಬೀಳುವಂಥದ್ದೇನಲ್ಲ, ಹಿಂದಿನ ಒಪ್ಪಂದದಲ್ಲಿ ವರ್ಷಕ್ಕೆ ಸುಮಾರು 50 ಕೋಟಿ ಬರುತ್ತಿತ್ತು.

ಹೂಡಿಕೆದಾರ ಹಿಂಜರಿಯುವುದು ಆ ಮೊತ್ತಕ್ಕಲ್ಲ, ಅದರ ಹಿಂದಿನ ಖರ್ಚಿಗೆ. ಪ್ರಸಾರದ ಕ್ಯಾಮೆರಾ, ರೆಫರಿಗಳ ಪ್ರಯಾಣ, ಪ್ರಚಾರ, ಕ್ಲಬ್‌ಗಳಿಗೆ ಕೊಡಬೇಕಾದ ಪಾಲು ಎಲ್ಲ ಅವನ ತಲೆಗೆ. ಇಷ್ಟಾಗಿಯೂ ಲೀಗಿನ ನಿರ್ಧಾರಗಳಲ್ಲಿ ತನ್ನ ಮಾತು ನಡೆಯದಿದ್ದರೆ ಯಾರು ತಾನೇ ಬರುತ್ತಾರೆ? ಮತ್ತೊಂದು ಕಡೆ, ಆಟವನ್ನು ಪೂರ್ತಿಯಾಗಿ ಒಬ್ಬ ಉದ್ಯಮಿಯ ಕೈಗೆ ಬರೆದುಕೊಟ್ಟರೆ ಫೆಡರೇಷನ್ ಯಾಕಿರಬೇಕು? ಈ ಎರಡರ ನಡುವೆ ದಾರಿ ಒಂದೇ ಎಂದು ನನಗೆ ಅನ್ನಿಸುತ್ತದೆ: ಕ್ಲಬ್‌ಗಳೇ ಸೇರಿ ಲೀಗ್ ಕಂಪನಿ ಮಾಡಿಕೊಳ್ಳುವುದು, ಫೆಡರೇಷನ್ ನಿಯಮ, ರೆಫರಿ, ಪರವಾನಗಿ ನೋಡಿಕೊಳ್ಳುವುದು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 1992ರಿಂದ ನಡೆಯುತ್ತಿರುವುದು ಹಾಗೆಯೇ, 20 ಕ್ಲಬ್‌ಗಳೇ ಅದರ ಷೇರುದಾರರು.

ಐಪಿಎಲ್ ಮಾದರಿ ಇಲ್ಲಿ ಏಕೆ ನಡೆಯುವುದಿಲ್ಲ?

ಐಪಿಎಲ್ ಎರಡು ತಿಂಗಳ ಹಬ್ಬ. ಉಳಿದ ಹತ್ತು ತಿಂಗಳು ಆ ಆಟಗಾರರನ್ನು ರಣಜಿ, ಭಾರತ ತಂಡ, ವಿದೇಶಿ ಮಂಡಳಿಗಳು ಸಾಕುತ್ತವೆ. ಫುಟ್‌ಬಾಲ್‌ನಲ್ಲಿ ಆ ಹತ್ತು ತಿಂಗಳೂ ಕ್ಲಬ್ಬೇ ಸಾಕಬೇಕು. ಮೂವತ್ತು ಆಟಗಾರರು, ಕೋಚ್‌ಗಳು, ಫಿಸಿಯೊಗಳು, ಯುವ ತಂಡಗಳು, ಅಕಾಡೆಮಿಯ ಮಕ್ಕಳ ಊಟ-ವಸತಿ. ಟಿಕೆಟ್, ಪ್ರಾಯೋಜಕರು, ಆಟಗಾರರ ವರ್ಗಾವಣೆ ಹಣ, ಲೀಗ್ ಹಂಚುವ ಪಾಲು ಎಲ್ಲ ಕೂಡಿಸಿದರೂ ಖರ್ಚು ಹುಟ್ಟುವುದಿಲ್ಲ. ಕಳೆದ ಹನ್ನೊಂದು ವರ್ಷದಲ್ಲಿ ಪುಣೆ ಸಿಟಿ ಮುಚ್ಚಿತು, ಡೆಲ್ಲಿ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಆಯಿತು, 2021-22ರ ಚಾಂಪಿಯನ್ ಹೈದರಾಬಾದ್ ಸಂಬಳದ ಬಾಕಿಯಲ್ಲಿ ಮುಳುಗಿತು. 2019ರಲ್ಲಿ ಮುಂಬೈ ಸಿಟಿಗೆ ಬಂದಿದ್ದ ಸಿಟಿ ಫುಟ್‌ಬಾಲ್ ಗ್ರೂಪ್ 2025ರ ಡಿಸೆಂಬರ್‌ನಲ್ಲಿ ಹೊರನಡೆಯಿತು.

ಬೇರೆ ದೇಶಗಳು ಹೇಗೆ ನಿಲ್ಲಿಸಿಕೊಂಡವು?

ನಮಗೆ ತೀರಾ ಹತ್ತಿರದ ಪಾಠ ಜಪಾನಿನದು. ಅವರಲ್ಲೂ 1965ರಿಂದ ಇದ್ದದ್ದು ಕಂಪನಿ ತಂಡಗಳ ಲೀಗೇ: ಮಿತ್ಸುಬಿಷಿ, ನಿಸ್ಸಾನ್, ಮಾಜ್ದಾ. 1993ರ ಮೇ 15ರಂದು ಹತ್ತು ಕ್ಲಬ್‌ಗಳೊಂದಿಗೆ ಜೆ.ಲೀಗ್ ಶುರು ಮಾಡುವಾಗ ಅವರು ಒಂದು ಷರತ್ತು ಹಾಕಿದರು. ಕಂಪನಿ ದುಡ್ಡು ಹಾಕಲಿ, ಆದರೆ ಕ್ಲಬ್ಬಿನ ಹೆಸರಲ್ಲಿ ಊರು ಇರಬೇಕು, ಕಂಪನಿ ಇರಬಾರದು. ಮಿತ್ಸುಬಿಷಿ ತಂಡ ಉರಾವಾ ರೆಡ್ಸ್ ಆಯಿತು, ಮಾಜ್ದಾ ತಂಡ ಹಿರೋಷಿಮಾದ ಸಾನ್‌ಫ್ರೆಚೆ ಆಯಿತು. ಮೊದಲೆರಡು ವರ್ಷದ ಜಾತ್ರೆ ಮುಗಿದ ಮೇಲೆ ಅಲ್ಲೂ ಜನ ಕಡಿಮೆಯಾದರು, 1998ರಲ್ಲಿ ಯೊಕೊಹಾಮಾ ಫ್ಲೂಗೆಲ್ಸ್ ಎಂಬ ಕ್ಲಬ್ ಪಕ್ಕದ ಕ್ಲಬ್ಬಿನಲ್ಲಿ ವಿಲೀನವಾಗುವುದಾಗಿ ಪ್ರಕಟಿಸಿತು. ಆದರೂ ಅವರು ಕೈಬಿಡಲಿಲ್ಲ. 1999ರಲ್ಲಿ ಎರಡನೇ ದರ್ಜೆ, 2014ರಲ್ಲಿ ಮೂರನೇ ದರ್ಜೆ. ಈಗ ಮೂರೂ ಸೇರಿ 60 ಕ್ಲಬ್. 1998ಕ್ಕೆ ಮೊದಲು ವಿಶ್ವಕಪ್ ಕಾಣದ ದೇಶ ಆಮೇಲೆ ಒಂದನ್ನೂ ತಪ್ಪಿಸಿಲ್ಲ. ನಮ್ಮ ನ್ಯಾಷನಲ್ ಲೀಗ್ ಶುರುವಾದದ್ದು ಅವರಿಗಿಂತ ಮೂರೂವರೆ ವರ್ಷ ತಡವಾಗಿ, ಅಷ್ಟೇ. ಎಚ್‌ಎಎಲ್ ತಂಡ ಆಗಲೇ ಊರಿನ ಹೆಸರು ಹೊತ್ತಿದ್ದರೆ, ಐಟಿಐ ತಂಡ ಕೆ.ಆರ್.ಪುರದ ತಂಡವಾಗಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಅಮೆರಿಕದ ಎಂಎಲ್‌ಎಸ್ (ಮೇಜರ್ ಲೀಗ್ ಸಾಕರ್) 1996ರಲ್ಲಿ ಹತ್ತು ತಂಡಗಳಿಂದ ಶುರುವಾಗಿ, 2002ರ ಆರಂಭದಲ್ಲಿ ಫ್ಲೋರಿಡಾದ ಎರಡು ತಂಡಗಳನ್ನು ಮುಚ್ಚಿ, ಬೆರಳೆಣಿಕೆಯ ಮಾಲೀಕರ ಹಟದಿಂದ ಉಳಿದು, ಈಗ 30 ತಂಡಕ್ಕೆ ಬಂದಿದೆ. ಅಲ್ಲಿ ಕೊಲಂಬಸ್‌ನಲ್ಲಿ 1999ರಲ್ಲಿ ಫುಟ್‌ಬಾಲ್‌ಗೆಂದೇ ಕ್ರೀಡಾಂಗಣ ಕಟ್ಟಿದ್ದು ದೊಡ್ಡ ತಿರುವು.

ಎಚ್ಚರಿಕೆಯ ಪಾಠ ಬೇಕಿದ್ದರೆ ಚೀನಾ ನೋಡಿ. ರಿಯಲ್ ಎಸ್ಟೇಟ್ ದುಡ್ಡಿನಲ್ಲಿ 2013 ಮತ್ತು 2015ರಲ್ಲಿ ಏಷ್ಯಾ ಚಾಂಪಿಯನ್ ಆದ ಗುವಾಂಗ್‌ಝೌ 2025ರಲ್ಲಿ ಇಲ್ಲವಾಯಿತು. 2020ರ ನವೆಂಬರ್‌ನಲ್ಲಿ ಲೀಗ್ ಗೆದ್ದ ಜಿಯಾಂಗ್ಸು 2021ರ ಫೆಬ್ರವರಿಯಲ್ಲಿ ನಿಂತಿತು.

ಬಡ್ತಿ-ಹಿಂಬಡ್ತಿ (ಕೆಳ ದರ್ಜೆಯಲ್ಲಿ ಗೆದ್ದವರು ಮೇಲಕ್ಕೆ, ಮೇಲಿನ ದರ್ಜೆಯಲ್ಲಿ ಕೊನೆಯಾದವರು ಕೆಳಕ್ಕೆ) ಕಡ್ಡಾಯವಾಗಬೇಕೇ? ಮಾಲೀಕರು ಹೆದರುತ್ತಾರಲ್ಲ?

ಮಾಲೀಕರ ಹೆದರಿಕೆ ಸುಳ್ಳಲ್ಲ, ಕೆಳಗಿಳಿದರೆ ಪ್ರಾಯೋಜಕರು ಹೋಗುತ್ತಾರೆ. ಆದರೂ ಬೇಕೇ ಬೇಕು ಎನ್ನುವವನು ನಾನು. ಐಜ್ವಾಲ್ ಎಫ್‌ಸಿಯನ್ನು ನೆನಪಿಸಿಕೊಳ್ಳಿ. 2016ರಲ್ಲಿ ಐ-ಲೀಗಿನಿಂದ ಕೆಳಗಿಳಿದಿದ್ದ, ಮತ್ತೆ ಒಳಗೆ ಬಿಟ್ಟುಕೊಂಡ ಮಿಜೋರಾಮಿನ ಆ ತಂಡ 2016-17ರಲ್ಲಿ ಇಡೀ ಲೀಗನ್ನೇ ಗೆದ್ದಿತು. ಕೋಚ್ ಖಾಲಿದ್ ಜಮೀಲ್, 2025ರಲ್ಲಿ ಭಾರತ ತಂಡದ ಕೋಚ್ ಆದವರು. ಅಂಥ ಗೆಲುವು ಎಲ್ಲಿಂದ ಬಂತು? ಮಿಜೋರಾಂ 2012ರಲ್ಲೇ ತನ್ನ ರಾಜ್ಯ ಲೀಗ್ ಕಟ್ಟಿಕೊಂಡಿತ್ತು, ಹುಡುಗರಿಗೆ ಪಂದ್ಯ ಸಿಗುತ್ತಿತ್ತು.

ಐಎಸ್‌ಎಲ್ ಮೊದಲ ದರ್ಜೆ, ಐ-ಲೀಗ್ ಅದರ ಕೆಳಗಿನದು ಎಂದಾದ ಮೇಲೆ, 2019ರಲ್ಲಿ ಏಷ್ಯಾದ ಒಕ್ಕೂಟ ಕ್ವಾಲಾಲಂಪುರದಲ್ಲಿ ಒಪ್ಪಿದ ನಕ್ಷೆಯ ಪ್ರಕಾರ 2022-23ರ ಐ-ಲೀಗ್ ವಿಜೇತರಿಂದ ಐಎಸ್‌ಎಲ್‌ಗೆ ಬಡ್ತಿ, 2024-25ರಿಂದ ಹಿಂಬಡ್ತಿ. ಬಡ್ತಿಯಾದರೂ ಬಂತು, ಪಂಜಾಬ್ ಎಫ್‌ಸಿ ಮತ್ತು ಮೊಹಮ್ಮಡನ್ ಹಾಗೆ ಮೇಲೆ ಬಂದವು. 2024-25ರಲ್ಲಿ ಹಿಂಬಡ್ತಿಯ ಮಾತು ಕಾಗದದಲ್ಲೇ ಉಳಿಯಿತು. ಮೇಲೇರುವ ಏಣಿ ಇದ್ದರೆ ಮಾತ್ರ ಜಿಲ್ಲಾ ಲೀಗಿಗೆ ಅರ್ಥ.

ಕರ್ನಾಟಕದ ಪಾಲು ಏನು?

ಕಡಿಮೆಯೇನಲ್ಲ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರ್ ಮುಸ್ಲಿಮ್ಸ್. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಆಮೇಲೆ 54 ವರ್ಷ ಕಾದು 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಕಪ್ಪು ತಂದಿತು. ಹಲಸೂರಿನ ಬಳಿಯ ಗೌತಮಪುರಕ್ಕೆ ಹೋದರೆ ಬೀದಿಯಲ್ಲಿ ಪೆಲೆಯ ಪ್ರತಿಮೆಯೇ ಇದೆ.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಏಷ್ಯಾ ಮಟ್ಟದ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು, 2018-19ರಲ್ಲಿ ಐಎಸ್‌ಎಲ್ ಗೆದ್ದಿತು. 2013ರ ಸೆಪ್ಟೆಂಬರ್‌ನಲ್ಲಿ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ಎದುರು ಅದು ಆಡಿದ ಮೊದಲ ಪಂದ್ಯಕ್ಕೆ ನಾನು ಹೋಗಿದ್ದೆ. 1-1. ಕಾಂಕ್ರೀಟ್ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತಿದ್ದ ವಯಸ್ಸಾದವರೊಬ್ಬರು, ಕಾಗದದ ಪೊಟ್ಟಣದ ಕಡಲೆಕಾಯಿ ನನ್ನ ಕಡೆ ಚಾಚಿ, “ಐಟಿಐ ಆಡೋವಾಗ ಇಲ್ಲೇ ಕೂತ್ಕೊತಿದ್ದೆ ಕಣಪ್ಪ, ಆಮೇಲೆ ಬರೋದಕ್ಕೆ ಕಾರಣವೇ ಇರ್ಲಿಲ್ಲ” ಎಂದರು. ಕ್ಲಬ್ಬಿನ ಅಭಿಮಾನಿ ಬಳಗವಾದ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರು ಆಗಿನ್ನೂ ಹಾಡು ಕಲಿಯುತ್ತಿದ್ದರು. ಮುಂದಿನ ಋತುವಿಗೆ ಕ್ಲಬ್ ಕಂಠೀರವಕ್ಕೆ ಹೋಯಿತು. ಅಲ್ಲಿ ಜಾಗ ಹೆಚ್ಚು, ಆದರೆ ಆಟಕ್ಕೂ ನಮಗೂ ನಡುವೆ ಓಟದ ಪಥ. ಗೋಲು ಬಿದ್ದ ಸದ್ದು ಕಿವಿಗೆ ಬರುತ್ತದೆ, ಆಟಗಾರನ ಮುಖ ಕಾಣುವುದಿಲ್ಲ. ಕೆಂಪೇಗೌಡರ ಈ ಊರಿಗೆ ಹದಿನೈದು ಸಾವಿರ ಜನ ಕೂರುವ, ಫುಟ್‌ಬಾಲ್‌ಗೆಂದೇ ಇರುವ ಕ್ರೀಡಾಂಗಣವೊಂದು ಬೇಕು. ಅಷ್ಟೇ ಮುಖ್ಯವಾಗಿ ಮಂಗಳೂರು, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ವರ್ಷವಿಡೀ ನಡೆಯುವ ಲೀಗ್ ಬೇಕು. ಕೇರಳ 2024ರಲ್ಲಿ ಆರು ತಂಡಗಳ ಸೂಪರ್ ಲೀಗ್ ಕೇರಳ ಶುರುಮಾಡಿತು. ನಾವು ಕಾಯುವುದು ಯಾರಿಗಾಗಿ?

ವಿದೇಶಿ ಆಟಗಾರರನ್ನು ಕಡಿಮೆ ಮಾಡಿದರೆ ನಮ್ಮವರು ಬೆಳೆಯುವುದಿಲ್ಲವೇ?

ಸ್ವಲ್ಪ ಮಟ್ಟಿಗೆ. 2014ರಲ್ಲಿ ಒಂದು ತಂಡದಿಂದ ಆರು ವಿದೇಶಿಯರು ಒಟ್ಟಿಗೆ ಕಣದಲ್ಲಿರಬಹುದಿತ್ತು, 2021-22ರಿಂದ ಅದು ನಾಲ್ಕಕ್ಕೆ ಇಳಿಯಿತು. ಆದರೂ ಮುಂಚೂಣಿಯಲ್ಲಿ ಎಲ್ಲ ಕ್ಲಬ್ಬಿಗೂ ವಿದೇಶಿ ಸ್ಟ್ರೈಕರೇ ಬೇಕು. ಅದಕ್ಕೇ ಛೆಟ್ರಿ 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲಿಗೆ ವಿದಾಯ ಹೇಳಿ, 2025ರ ಮಾರ್ಚ್‌ನಲ್ಲಿ ನಲವತ್ತರ ಹರೆಯದಲ್ಲಿ ವಾಪಸ್ ಬರಬೇಕಾಯಿತು.

ಫೆಡರೇಷನ್ ಜಗಳಗಳು ಕ್ಲಬ್‌ಗಳಿಗೆ ನಿಜಕ್ಕೂ ತಟ್ಟುತ್ತವೆಯೇ?

2022ರ ಆಗಸ್ಟ್‌ನಲ್ಲಿ ಹೊರಗಿನವರ ಹಸ್ತಕ್ಷೇಪದ ಕಾರಣಕ್ಕೆ ಫಿಫಾ ಭಾರತವನ್ನು ಅಮಾನತು ಮಾಡಿತು. ಎರಡೇ ವಾರದಲ್ಲಿ ತೆರವಾಯಿತು ನಿಜ. ಅಷ್ಟರಲ್ಲಿ ಏಷ್ಯಾ ಮಟ್ಟದ ಕ್ಲಬ್ ಟೂರ್ನಿಗೆಂದು ಉಜ್ಬೇಕಿಸ್ತಾನಕ್ಕೆ ಹೋಗಿ ಇಳಿದಿದ್ದ ಗೋಕುಲಂ ಕೇರಳದ ಮಹಿಳೆಯರು ಒಂದೂ ಪಂದ್ಯ ಆಡದೆ ವಿಮಾನ ಹತ್ತಿದರು. ತಟ್ಟುವುದು ಎಂದರೆ ಹೀಗೆ. ಆ ಮಹಿಳೆಯರ ಲೀಗ್ 2016-17ರಲ್ಲಿ ಶುರುವಾದದ್ದು, ಅಷ್ಟು ಕಡಿಮೆ ಸೌಲಭ್ಯದಲ್ಲೂ ಭಾರತದ ಮಹಿಳಾ ತಂಡ 2025ರ ಜುಲೈನಲ್ಲಿ ಥಾಯ್ಲೆಂಡನ್ನು ಸೋಲಿಸಿ ಏಷ್ಯನ್ ಕಪ್ಪಿಗೆ ಅರ್ಹತೆ ಪಡೆಯಿತು. ಪುರುಷರ ಲೀಗಿಗೆ ಹತ್ತು ರೂಪಾಯಿ ಹುಡುಕುವವರು ಮಹಿಳೆಯರ ಪಾಲಿನ ಮೂರು ರೂಪಾಯಿಯನ್ನು ಮೊದಲೇ ಎತ್ತಿಡಬೇಕು.

ಹಾಗಾದರೆ ಈ ಸಲ ನಿಲ್ಲುತ್ತದೆಯೇ?

ನಿಲ್ಲುವ ಸಾಧ್ಯತೆ ಇದೆ, ಆದರೆ ನಾವು ಕನಸು ಕಂಡ ಗಾತ್ರದಲ್ಲಿ ಅಲ್ಲ. ಚಿಕ್ಕ ಬಜೆಟ್, ಕಡಿಮೆ ಸಂಬಳ, ಕಡಿಮೆ ವಿಮಾನ ಪ್ರಯಾಣ, ಹೆಚ್ಚು ಪಂದ್ಯ. ಎರಡು ವಲಯ ಮಾಡಿ ಮೊದಲ ಹಂತ ಆಡಿಸಿದರೂ ಸರಿ, ಕ್ಲಬ್ಬಿಗೆ ವರ್ಷಕ್ಕೆ ಮೂವತ್ತು ಪಂದ್ಯ ಸಿಗಬೇಕು. ಮುಂದಿನ ಐದು ವರ್ಷದ ವೇಳಾಪಟ್ಟಿ ಮೊದಲೇ ಗೊತ್ತಿರಬೇಕು. ಜುಲೈನಲ್ಲಿ ಕ್ಲಬ್ಬಿನ ಮ್ಯಾನೇಜರ್ ಪ್ರಾಯೋಜಕನ ಮುಂದೆ ಕೂತಾಗ ಅವನು ಕೇಳುವ ಮೊದಲ ಪ್ರಶ್ನೆ, “ಪಂದ್ಯ ಯಾವತ್ತಿಂದ?” ಅದಕ್ಕೆ ತಾರೀಖು ಹೇಳಲಾಗದವನಿಗೆ ಯಾರೂ ಚೆಕ್ ಬರೆಯುವುದಿಲ್ಲ.

ಮಗಳನ್ನೋ ಮಗನನ್ನೋ ತರಬೇತಿಗೆ ಸೇರಿಸಿದ್ದೇವೆ. ಈ ಸ್ಥಿತಿಯಲ್ಲಿ ಮುಂದುವರಿಸಬೇಕೇ?

ಮುಂದುವರಿಸಿ, ಓದು ಬಿಡಿಸಬೇಡಿ. ನನ್ನ ಅಕ್ಕನ ಮಗ ಮೂರು ವರ್ಷ ಒಂದು ಅಕಾಡೆಮಿಯಲ್ಲಿದ್ದ. ಎರಡು ಜೊತೆ ಜೆರ್ಸಿ, ಬ್ಯಾಗು, ಸರ್ಟಿಫಿಕೇಟು ಎಲ್ಲ ಬಂತು. ಆಡಿದ ನಿಜವಾದ ಪಂದ್ಯಗಳನ್ನು ಎಣಿಸಿದರೆ ಮೂರು ವರ್ಷಕ್ಕೆ ಹನ್ನೊಂದು. ಶುಲ್ಕ ಕಟ್ಟುವ ಮೊದಲು ಬಣ್ಣದ ಕರಪತ್ರ ಪಕ್ಕಕ್ಕಿಡಿ. ಅಕಾಡೆಮಿ ರಾಜ್ಯ ಸಂಸ್ಥೆಯಲ್ಲಿ ನೋಂದಣಿಯಾಗಿದೆಯೇ, ಕೋಚ್‌ಗೆ ಪರವಾನಗಿ ಇದೆಯೇ, ಫೆಡರೇಷನ್ನಿನ ಯುವ ಲೀಗ್‌ಗಳಲ್ಲಿ ಅವರ ತಂಡ ಆಡುತ್ತದೆಯೇ ವಿಚಾರಿಸಿ. ಆಮೇಲೆ ಕೋಚ್ ಮುಖ ನೋಡಿ ಒಂದು ಪ್ರಶ್ನೆ ಕೇಳಿ: “ಕಳೆದ ವರ್ಷ ನಿಮ್ಮ ಮಕ್ಕಳು ಎಷ್ಟು ಪಂದ್ಯ ಆಡಿದರು?”